ಕೊಯ್ಯದೆ ಉಳಿದ ಹೊಟ್ಟೆ

ಲೀರ್‌ಹೋವೆನ್ ಹಳ್ಳಿಯಲ್ಲಿ ಇಗರ್ಜಿಯ ಎದುರಿಗೇ ಕೋಲೆನ್‌ರ ಮಾಂಸದಂಗಡಿ. ದ್ರೀಕ್ ಕೋಲೆನ್‌ಗೆ ಅದು ಅಪ್ಪನಿಂದ ಬಂದದ್ದು, ಅಪ್ಪನಿಗೆ ಅವನ ಅಪ್ಪನಿಂದ. ಬ್ರಾಬಾಂಟ್ ಸೀಮೆಯಲ್ಲಿ ಹಂದಿಮಾಂಸದ ಅಂಗಡಿಗಳಿಗೇನೂ ಬರವಿಲ್ಲ. ಆದರೂ ಸುತ್ತಲ ಊರುಗಳವರು ಎದುರುಗಾಳಿಯಲ್ಲಿ ಸೈಕಲ್ ತುಳಿದುಕೊಂಡು ದ್ರೀಕ್‌ನ ಅಂಗಡಿಗೇ ಬರುತ್ತಿದ್ದರು. ಕಾರಣ ಅವನ ಕೊಚ್ಚಿದ ಮಾಂಸ. ಅದರಲ್ಲಿ ಹಂದಿಯ ಗಂಟಲ ಭಾಗದ ಮೆತ್ತನೆಯ ಮಾಂಸವನ್ನು ಒಂದಿಷ್ಟು ಬೆರೆಸುವುದು ಅಪ್ಪ ಹೇಳಿಕೊಟ್ಟ ಗುಟ್ಟು. ಹಾಗೆ ಬೆರೆಸಿದ್ದು ಬಾಯಲ್ಲಿಟ್ಟರೆ ಬೆಣ್ಣೆಯಂತೆ ಕರಗುತ್ತಿತ್ತು.

ಬಾಯಲ್ಲಿಡುವುದೆಂದರೆ ಹಸಿಯಾಗಿಯೇ. ಶನಿವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ದ್ರೀಕ್ ಒಂದು ತುಂಡು ಬ್ರೆಡ್ಡಿನ ಮೇಲೆ ಆಗಷ್ಟೇ ಕೊಚ್ಚಿದ ಹಸಿ ಮಾಂಸವನ್ನು ದಪ್ಪಗೆ ಹಚ್ಚಿ, ಮೇಲೆ ಈರುಳ್ಳಿ, ಉಪ್ಪು, ಕರಿಮೆಣಸು ಉದುರಿಸಿ, ಕೌಂಟರಿನ ಹಿಂದೆ ನಿಂತುಕೊಂಡೇ ತಿನ್ನುತ್ತಿದ್ದ. ಮೊದಲು ಬಂದ ಗಿರಾಕಿಗಳಿಗೆ ಅದು ಕಾಣಲಿ ಎಂಬ ಆಸೆಯೂ ಅದರಲ್ಲಿತ್ತು. ತನ್ನ ಮಾಲನ್ನು ತಾನೇ ಹಸಿಯಾಗಿ ತಿನ್ನುವ ಕಟುಕನನ್ನು ಯಾರು ತಾನೇ ನಂಬುವುದಿಲ್ಲ?

ಪಕ್ಕದ ಮನೆ ಹನ್ನೆಕೆಯದು. ಅವಳ ಗಂಡ ಲಾರಿ ಓಡಿಸುತ್ತ ವಾರಗಟ್ಟಲೆ ಜರ್ಮನಿ, ಇಟಲಿ ಎಂದು ಹೊರಗಿರುತ್ತಿದ್ದ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ಒಂಬತ್ತರ ಫೀಕೆ, ಆರರ ಮಾಯ್ಕೆ. ಚಿಕ್ಕವಳು ಮಾಂಸವೆಂದರೆ ಮೂಗು ಮುರಿಯುವವಳು. ದೊಡ್ಡವಳು ಶಾಲೆಯಿಂದ ನೇರವಾಗಿ ಅಂಗಡಿಗೆ ಬಂದು ಕೌಂಟರಿನ ಅಂಚಿಗೆ ಗಲ್ಲ ಊರಿ ನಿಲ್ಲುವಳು. ಬೇರೆ ಮಕ್ಕಳಿಗೆ ದ್ರೀಕ್ ಎಲ್ಲ ಕಟುಕರಂತೆ ಬೇಯಿಸಿದ ಸಾಸೇಜಿನ ಒಂದು ಬಿಲ್ಲೆ ಕೊಡುತ್ತಿದ್ದ. ಫೀಕೆಗೆ ಮಾತ್ರ ಬೇರೆ.

"ದ್ರೀಕ್ ಮಾಮ, ನನ್ನುಂಡೆ?"

ಅವನು ಹಸಿ ಮಾಂಸದ ಪುಟ್ಟ ಉಂಡೆ ಮಾಡಿ, ಉಪ್ಪು ಮುಟ್ಟಿಸಿ, ಅವಳ ಬಾಯಿಗೇ ಹಾಕುವನು. ಮಕ್ಕಳಿಲ್ಲದ ಮನುಷ್ಯ. ಆ ಹೊತ್ತಿಗೆ ಅವನ ಮುಖ ನೋಡುವಂತಿರುತ್ತಿತ್ತು.

ಒಮ್ಮೆ ಹನ್ನೆಕೆ ಅದನ್ನು ಕಂಡಳು. "ಅಯ್ಯೋ, ಹಸೀದು ಕೊಡ್ತಿದ್ದೀರಲ್ಲ ದ್ರೀಕ್? ಮಗು ಹೊಟ್ಟೆ ಕೆಟ್ಟೀತು."

"ಸೂಪರ್‌ಮಾರ್ಕೆಟ್ಟಿಂದು ತಿಂದ್ರೆ ಕೆಡತ್ತೆ," ಎಂದು ದ್ರೀಕ್ ನಕ್ಕ. "ಇದು ನನ್ನಂಗಡೀದು ಕಣಮ್ಮ. ನಾನು ಐವತ್ತು ವರ್ಷದಿಂದ ತಿಂತಾ ಇದ್ದೀನಿ, ಏನಾಗಿದೆ ಹೇಳು?"

ಅವನ ಕೆಂಪು ಕೆನ್ನೆ, ಕಂಬದಂಥ ತೋಳುಗಳನ್ನು ನೋಡಿ ಹನ್ನೆಕೆಯೂ ನಕ್ಕು ಸುಮ್ಮನಾದಳು.

ಆ ಚಳಿಗಾಲ ಕಾಲುವೆ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಊರಿಗೂರೇ ಸ್ಕೇಟು ಕಟ್ಟಿಕೊಂಡು ಹಿಮದ ಮೇಲಿದ್ದಾಗ ಫೀಕೆಗೆ ಹೊಟ್ಟೆನೋವು ಬಂತು. ಮೊದಲು ಹೊಕ್ಕುಳ ಸುತ್ತ, ಆಮೇಲೆ ಬಲಗಡೆ ಕೆಳಗೆ. ಮೈ ಕಾದ ಹೆಂಚಿನಂತೆ ಸುಡುತ್ತಿತ್ತು. ಊರ ವೈದ್ಯ ಒತ್ತಿ ನೋಡಿದ, ಹುಡುಗಿ ಕಿರುಚಿದಳು. ಅಪೆಂಡಿಕ್ಸ್ ಎಂದು ಪಟ್ಟಣದ ಆಸ್ಪತ್ರೆಗೆ ಕಳಿಸಿದ. ಅಲ್ಲಿಯ ಶಸ್ತ್ರವೈದ್ಯರೂ ಒತ್ತಿ ನೋಡಿದರು. ಒಡೆದುಕೊಂಡರೆ ಜೀವಕ್ಕೇ ಅಪಾಯ, ಕಾಯುವಂತಿಲ್ಲ ಎಂದು ಅಂದೇ ಕೊಯ್ದರು. ಕೊಯ್ದ ಮೇಲೆ ತಾಯಿಗೆ ಹೇಳಿದ್ದು ಇಷ್ಟು: ಅಪೆಂಡಿಕ್ಸ್ ಅಂಥದ್ದೇನೂ ಕೆಟ್ಟಿರಲಿಲ್ಲ, ಸುತ್ತಲ ಗ್ರಂಥಿಗಳು ಊದಿದ್ದವು, ಇರಲಿ, ತೆಗೆದದ್ದೇ ಒಳ್ಳೆಯದಾಯಿತು.

ಒಳ್ಳೆಯದೇನೂ ಆಗಲಿಲ್ಲ. ಗಾಯ ಕೀವಾಯಿತು. ಹೊಲಿಗೆ ಬಿಚ್ಚಿ, ತೊಳೆದು, ತೆರೆದೇ ಬಿಟ್ಟು ಮಾಗಿಸಬೇಕಾಯಿತು. ಹಿಮ ಕರಗಿ ಕಾಲುವೆಯಲ್ಲಿ ಮತ್ತೆ ದೋಣಿ ಓಡಾಡುವ ಹೊತ್ತಿಗೂ ಫೀಕೆ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದಳು. ದ್ರೀಕ್ ದಿನವೂ ಮೂಳೆಯ ಸಾರು ಕಳಿಸಿದ. "ಪಾಪದ ಕೂಸು, ಏನು ಗ್ರಹಚಾರವೋ," ಎಂದು ಗಿರಾಕಿಗಳ ಮುಂದೆ ಕಣ್ಣೊರೆಸಿಕೊಂಡ.

ಫೀಕೆ ಮನೆಗೆ ಬಂದ ಸ್ವಲ್ಪ ದಿನಕ್ಕೆ ದ್ರೀಕ್‌ನೇ ಮಲಗಿದ. ಅದೇ ನೋವು, ಅದೇ ಬಲಗಡೆ, ಅದೇ ಜ್ವರ. ಎರಡು ಸಲ ಭೇದಿಯೂ ಆಗಿತ್ತು, ಅದನ್ನು ಅವನು ಯಾರಿಗೂ ಹೇಳಲಿಲ್ಲ. ಹೆಂಡತಿ ತೋಸ್ ಅವನನ್ನು ವ್ಯಾನಿಗೆ ಹತ್ತಿಸಿ ತಾನೇ ಓಡಿಸಿದಳು. ದಾರಿಯುದ್ದಕ್ಕೂ ಅವನು, "ಕೊಯ್ಸಿಬಿಡೇ, ಆ ಮಗು ತಡ್ಕೊಂಡಿದೆ, ನಾನು ತಡ್ಕೊಳ್ಳಲ್ವಾ," ಎನ್ನುತ್ತಿದ್ದ.

ಅಷ್ಟರಲ್ಲಿ ಆಸ್ಪತ್ರೆಗೆ ಡಾಕ್ಟರ್ ಹೋಫ್‌ಸ್ಟೇ ಎಂಬ ಹೆಂಗಸು ಹೊಸದಾಗಿ ಬಂದಿದ್ದರು. ಅವರ ಕೆಲಸ ಸ್ಕ್ಯಾನ್ ಮಾಡುವುದು. ಬಸುರಿಯರಿಗೆ, ಪಿತ್ತಕೋಶದ ಕಲ್ಲಿಗೆ ಸ್ಕ್ಯಾನ್ ಎಂಬುದು ಎಲ್ಲರಿಗೂ ಗೊತ್ತಿತ್ತು. ಕರುಳಿಗೂ ಅದನ್ನು ಮಾಡಬಹುದು ಎಂದರೆ ಶಸ್ತ್ರವೈದ್ಯರು ಹುಬ್ಬೇರಿಸುತ್ತಿದ್ದರು. ಕರುಳ ತುಂಬ ಗಾಳಿ, ಏನು ಕಂಡೀತು? ಆದರೂ ಕೊಯ್ಯುವ ಮೊದಲು ನನಗೊಮ್ಮೆ ತೋರಿಸಿ ಎಂದು ಆಕೆ ಹಟ ಹಿಡಿದಿದ್ದರು.

ದ್ರೀಕ್‌ನ ದೊಡ್ಡ ಬಿಳಿ ಹೊಟ್ಟೆಯ ಮೇಲೆ ತಣ್ಣನೆಯ ಲೋಳೆ ಸವರಿ, ಆಕೆ ಸ್ಕ್ಯಾನಿನ ಹಿಡಿಯನ್ನು ಇಟ್ಟು ನಿಧಾನವಾಗಿ ಒತ್ತತೊಡಗಿದರು. ಗಬಕ್ಕನೆ ಅಲ್ಲ, ಅವನು ಉಸಿರು ಬಿಟ್ಟಾಗ ಒಂದಿಷ್ಟು, ಮತ್ತೆ ಉಸಿರು ಬಿಟ್ಟಾಗ ಇನ್ನೊಂದಿಷ್ಟು. ಗಾಳಿ ತುಂಬಿದ ಕರುಳುಗಳು ಪಕ್ಕಕ್ಕೆ ಸರಿದವು.

"ನೋಯ್ತಿದೆಯಾ ಕೋಲೆನ್ ಅವರೇ?"

"ತಡ್ಕೋತೀನಿ ಡಾಕ್ಟ್ರೇ."

"ಇಲ್ಲಿ ನೋಡಿ. ಈ ಸಣ್ಣ ಹುಳದ ಥರ ಇದೆಯಲ್ಲ, ತುದಿ ಮುಚ್ಚಿಕೊಂಡಿರೋದು, ಇದು ನಿಮ್ಮ ಅಪೆಂಡಿಕ್ಸ್. ನಾನು ಒತ್ತಿದರೆ ಚಪ್ಪಟೆಯಾಗುತ್ತೆ, ಕಂಡಿತಾ? ಕೆಟ್ಟಿದ್ದರೆ ಊದಿ ಗಟ್ಟಿಯಾಗಿರ್ತಿತ್ತು, ಎಷ್ಟು ಒತ್ತಿದರೂ ಚಪ್ಪಟೆಯಾಗ್ತಿರಲಿಲ್ಲ. ಇದು ಚೆನ್ನಾಗಿದೆ."

ದ್ರೀಕ್ ತೆರೆಯ ಕಡೆ ಕತ್ತು ಹೊರಳಿಸಿದ. ಬೇರೆಯವರಿಗೆ ಅದು ಬೂದಿಬಣ್ಣದ ಮಂಜಿನಂತೆ ಕಂಡೀತು. ಸಾಸೇಜಿಗೆಂದು ಚಿಕ್ಕಂದಿನಿಂದ ಹಂದಿಯ ಕರುಳು ತೊಳೆದವನಿಗೆ ಹಾಗೆ ಕಾಣಲಿಲ್ಲ. "ಹಾಗಾದ್ರೆ ಇದೇನು?" ಎಂದು ಬೆರಳು ತೋರಿಸಿದ. "ಇದರ ಗೋಡೆ ದಪ್ಪಗಿದೆ."

"ಭೇಷ್. ಸಣ್ಣ ಕರುಳು ಹೋಗಿ ದೊಡ್ಡ ಕರುಳಿಗೆ ಸೇರೋ ಜಾಗ ಅದು. ಊದಿಕೊಂಡಿದೆ. ಸುತ್ತ ಅವರೆಕಾಳಿನ ಹಾಗೆ ಕಾಣೋದು ಗ್ರಂಥಿಗಳು. ಇದು ಕರುಳಿಗೆ ತಗಲಿದ ಸೋಂಕು. ಹೊರಗಿಂದ ಒತ್ತಿ ನೋಡಿದರೆ ಥೇಟ್ ಅಪೆಂಡಿಕ್ಸೇ. ಕೊಯ್ಯೋದು ಬೇಡ, ತಾನಾಗೇ ವಾಸಿಯಾಗುತ್ತೆ." ಆಕೆ ಲೋಳೆ ಒರೆಸುತ್ತ ಸಹಜವಾಗಿ ಕೇಳಿದರು, "ಹಸಿ ಮಾಂಸ ಏನಾದರೂ ತಿಂದಿರಾ? ಹಂದೀದು?"

ದ್ರೀಕ್‌ಗೆ ಉತ್ತರ ನಾಲಿಗೆಯ ತುದಿಯಲ್ಲಿತ್ತು. ತೋಸ್ ಬಾಗಿಲ ಬಳಿ ಕೈಚೀಲ ಹಿಡಿದು ನಿಂತಿದ್ದಳು. ಅವನು ಅವಳ ಮುಖ ನೋಡಲಿಲ್ಲ.

"ಇಲ್ಲ," ಎಂದ.

ತೋಸ್ ಕೈಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

ವಾರ ಕಳೆದು ತೋರಿಸಲು ಹೋದಾಗ ಆಕೆ ಮಲದ ಪರೀಕ್ಷೆಯ ಫಲಿತಾಂಶ ಹೇಳಿದರು. ಅದರಲ್ಲಿ ಒಂದು ರೋಗಾಣು ಸಿಕ್ಕಿತ್ತು. ಹಂದಿಯ ಗಂಟಲಲ್ಲಿ ಗೂಡು ಕಟ್ಟಿಕೊಂಡಿರುವಂಥದು, ಹಂದಿಗೇನೂ ಮಾಡದು. ಗಂಟಲು ಎಂಬ ಮಾತು ಕಿವಿಗೆ ಬಿದ್ದದ್ದೇ ದ್ರೀಕ್‌ನ ಕೈಗಳು ಮೇಜಿನ ಕೆಳಗೆ ಸರಿದವು. ಅಪ್ಪನ ಗುಟ್ಟು, ಊರೇ ಮೆಚ್ಚಿದ ರುಚಿ.

"ನಿಮ್ಮ ಕಡೆಯದೇ ಒಂದು ಮಗೂನ ನಾನು ಬರೋ ಮೊದಲು ಇಲ್ಲಿ ಕೊಯ್ದಿದ್ದಾರೆ," ಎಂದರು ಡಾಕ್ಟರಮ್ಮ. "ತೆಗೆದ ಅಪೆಂಡಿಕ್ಸ್ ಆರೋಗ್ಯವಾಗಿತ್ತಂತೆ. ಅದಕ್ಕೂ ಇದೇ ಆಗಿತ್ತೇನೋ ಅಂತ ನನ್ನ ಅನುಮಾನ. ಇನ್ನೊಂದು ಸಲ ಯೋಚನೆ ಮಾಡಿ ಕೋಲೆನ್ ಅವರೇ. ಹಸಿ ಮಾಂಸ?"

"ಇಲ್ಲ ಅಂದ್ನಲ್ಲ ಡಾಕ್ಟ್ರೇ. ಕಟುಕರು ನಾವು, ನಮಗೆ ಗೊತ್ತಿರಲ್ವಾ?"

ಎರಡನೆಯ ಸಲ ಅವನ ದನಿ ಗಟ್ಟಿಯಾಗಿಯೇ ಬಂತು. ಅದೇ ಅವನಿಗೆ ಆಮೇಲೆ ಹೆಚ್ಚು ಚುಚ್ಚಿದ್ದು.

ಅವನು ಮನೆಯಲ್ಲಿ ಕಾಲು ಚಾಚಿ ಸುಧಾರಿಸಿಕೊಳ್ಳುತ್ತಿದ್ದಾಗ ಫೀಕೆ ನೋಡಲು ಬಂದಳು. ಮುಖ ಇಷ್ಟೇ ಇಷ್ಟಾಗಿತ್ತು, ಕಣ್ಣು ಮಾತ್ರ ಹಳೆಯವೇ. ಬಂದವಳೇ ಅಂಗಿ ಎತ್ತಿ ತೋರಿಸಿದಳು. ಬಲಗಡೆ, ಹೆಬ್ಬೆರಳಷ್ಟು ಅಗಲಕ್ಕೆ, ಸುಕ್ಕುಗಟ್ಟಿದ ನೇರಳೆಬಣ್ಣದ ಗಾಯ.

"ನೋಡಿದ್ರಾ ಮಾಮ? ನಾನು ಅಳಲೇ ಇಲ್ಲ. ಸ್ವಲ್ಪ ಅತ್ತೆ. ಈಗ ನಿಮ್ಮದು ತೋರ್ಸಿ."

"ನಂಗೆ... ನಂಗೆ ಕೊಯ್ಲಿಲ್ಲ ಪುಟ್ಟಿ."

"ಯಾಕೆ? ನಿಮಗೂ ನನ್ನ ಥರಾನೇ ಆಗಿತ್ತಂತಲ್ಲ, ಅಮ್ಮ ಹೇಳಿದ್ಲು."

"ಸ್ಕ್ಯಾನ್ ಮಾಡಿ ನೋಡಿದ್ರು. ಕೊಯ್ಯೋದು ಬೇಕಾಗಿಲ್ಲ ಅಂದ್ರು."

ಫೀಕೆ ಅಂಗಿಯನ್ನು ಕೆಳಗೆ ಎಳೆದುಕೊಂಡಳು. "ನಿಮಗೆ ಅದೃಷ್ಟ," ಎಂದಳು. ಅದರಲ್ಲಿ ಕೊಂಕು ಇರಲಿಲ್ಲ.

ದ್ರೀಕ್ ಹೊದಿಕೆಯನ್ನು ಹೊಟ್ಟೆಯ ಮೇಲೆ ಎಳೆದುಕೊಂಡ. ಕೊಯ್ಯದೆ ಉಳಿದ ಆ ದೊಡ್ಡ ಹೊಟ್ಟೆ ಕದ್ದು ತಂದದ್ದರಂತೆ ಭಾಸವಾಯಿತು.

ಅವಳು ಹೋದ ಮೇಲೆ ಹೆಂಡತಿಗೆ ಹೇಳಿದ, "ತೋಸ್, ಆ ಮಗುವಿಗೆ ಹಾಗಾಗಿದ್ದು ನನ್ನ ಕೈಯಿಂದ."

"ಗೊತ್ತು," ಎಂದಳು ತೋಸ್, ಆಲೂಗಡ್ಡೆ ಹೆರೆಯುತ್ತ. "ನೀನು ಡಾಕ್ಟ್ರಿಗೆ ಇಲ್ಲ ಅಂದಾಗ್ಲೇ ಗೊತ್ತಾಯ್ತು. ಈಗ ಬಾಯಿ ಮುಚ್ಕೊಂಡಿರು. ಮಗು ಎದ್ದು ಓಡಾಡ್ತಿದೆ. ಹೇಳಿದ್ರೆ ಆ ಗಾಯ ಅಳಿಸಿ ಹೋಗತ್ತಾ? ಅಂಗಡಿ ಹೋಗತ್ತೆ ಅಷ್ಟೆ."

ಅವನು ಬಾಯಿ ಮುಚ್ಚಿಕೊಂಡ. ಗಂಟಲ ಮಾಂಸ ಬೆರೆಸುವುದನ್ನು ನಿಲ್ಲಿಸಿದ, ಕೊಚ್ಚುವ ಯಂತ್ರದ ಒಂದೊಂದು ತಿರುಪನ್ನೂ ಬಿಚ್ಚಿ ಕುದಿನೀರಲ್ಲಿ ಹಾಕಿ ತಿಕ್ಕಿದ, ಶನಿವಾರದ ಬ್ರೆಡ್ಡನ್ನು ಬಿಟ್ಟ. ಯಾಕೆ ದ್ರೀಕ್, ಬಾಯಿರುಚಿ ಹೋಯ್ತಾ ಎಂದು ಕೇಳಿದವರಿಗೆ ವಯಸ್ಸಾಯ್ತಲ್ಲ ಎಂದು ನಕ್ಕ. ಇನ್ನು ಯಾರಿಗೂ ಏನೂ ಆಗುವುದಿಲ್ಲ, ಅಷ್ಟು ಸಾಕಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಸಾಕು ಎಂದು ಹೆಚ್ಚುಕಮ್ಮಿ ನಂಬಿಯೂ ಬಿಟ್ಟಿದ್ದ.

ಅಷ್ಟರಲ್ಲಿ ಒಂದು ಮಧ್ಯಾಹ್ನ ಹನ್ನೆಕೆ ಅಂಗಡಿಗೆ ಬಂದಳು. ಅವಳಿಗಿಂತ ಮೊದಲು ಬಂದ ಇಬ್ಬರು ಹೆಂಗಸರು ಕಾದು ನಿಂತಿದ್ದರು. ದ್ರೀಕ್‌ನ ಕಣ್ಣು ಮೊದಲು ಬಿದ್ದದ್ದು ಅವಳ ಕೈಗಳ ಮೇಲೆ. ಬೆರಳ ಸಂದಿಗಳು ಕೆಂಪಗೆ ಬಿರಿದಿದ್ದವು.

"ಕೈಗೇನಾಯ್ತು ಹನ್ನೆಕೆ?"

"ಬ್ಲೀಚು," ಎಂದಳು ಅವಳು ಸಣ್ಣ ದನಿಯಲ್ಲಿ. "ಆಸ್ಪತ್ರೆಯ ಆ ಹೊಸ ಡಾಕ್ಟ್ರು ಕರೆಸಿ ಫೀಕೆ ರಕ್ತ ನೋಡಿದ್ರು. ಯಾವುದೋ ರೋಗಾಣುವಿನ ಗುರುತು ಇನ್ನೂ ಇದೆಯಂತೆ. ಊಟದಿಂದ ಬಂದಿರಬೇಕಂತೆ. ಹೊಟ್ಟೆ ಕೊಯ್ಯೋದೇ ಬೇಕಾಗಿರ್ಲಿಲ್ಲವಂತೆ." ಅವಳು ಬಿರಿದ ಬೆರಳುಗಳನ್ನು ಮಡಿಸಿಕೊಂಡಳು. "ನಮ್ಮತ್ತೆ ಅಂತಾರೆ, ನಿನ್ನ ಅಡುಗೆಮನೆ ಕೊಳಕು, ನಿನ್ನ ಕೈಯೇ ಸರಿಯಿಲ್ಲ ಅಂತ. ಇರಬಹುದು. ಎಲ್ಲಾನೂ ತಿಕ್ಕಿದ್ದೀನಿ ದ್ರೀಕ್. ಹಲಗೆ, ಚಾಕು, ನಲ್ಲಿ, ಎಲ್ಲಾ. ಇನ್ನೇನು ತಿಕ್ಕಲಿ ಗೊತ್ತಾಗ್ತಿಲ್ಲ. ನನ್ನ ಮಗೂಗೆ ನಾನೇ ಏನು ತಿನ್ನಿಸಿಬಿಟ್ಟೆನೋ."

ಒಳಬಾಗಿಲಲ್ಲಿ ತೋಸ್ ಬಂದು ನಿಂತು ತಲೆಯಾಡಿಸುತ್ತಿದ್ದಳು, ಬೇಡ, ಬೇಡ ಎಂಬಂತೆ. ದ್ರೀಕ್ ಚಾಕು ಕೆಳಗಿಟ್ಟ.

"ನೀನಲ್ಲ ಹನ್ನೆಕೆ," ಎಂದ. "ನಾನು. ನನ್ನ ಕೈಯುಂಡೆ. ಹಸಿ ಮಾಂಸದಲ್ಲಿತ್ತು ಅದು. ನಂಗೆ ಬಂದಿದ್ದೂ ಅದೇ. ಡಾಕ್ಟ್ರು ಎರಡು ಸಲ ಕೇಳಿದ್ರು, ಎರಡು ಸಲಾನೂ ಸುಳ್ಳು ಹೇಳಿದೆ. ನಂಗೆ ಗೊತ್ತಿದ್ದೂ ನೀನು ಹಿಂಗೆ... ನಿನ್ನ ಕೈ ಹಿಂಗಾಗೋ ತನಕ ಸುಮ್ನಿದ್ದೆ."

ಕಾದು ನಿಂತ ಹೆಂಗಸರಲ್ಲಿ ಒಬ್ಬಳು ಶಿಲುಬೆಯ ಗುರುತು ಮಾಡಿಕೊಂಡಳು. ಹನ್ನೆಕೆ ಕೂಗಲಿಲ್ಲ, ಬೈಯಲಿಲ್ಲ. ಬಾಗಿಲ ಪಕ್ಕದ ಗೂಡಿನಿಂದ ತೆಗೆದುಕೊಂಡಿದ್ದ ಸಾಸೇಜಿನ ಪೊಟ್ಟಣವನ್ನು ಕೌಂಟರಿನ ಮೇಲೆ ಮೆಲ್ಲಗೆ ಇಟ್ಟಳು.

"ನಾನು ಅವತ್ತು ಕೇಳಿದ್ದೆ," ಎಂದಳು. "ಹೊಟ್ಟೆ ಕೆಟ್ಟೀತು ಅಂದಿದ್ದೆ. ನೀವು ನಕ್ಕಿರಿ."

ಅಷ್ಟೇ. ಹೊರಟುಹೋದಳು. ಆ ಹೆಂಗಸರೂ ಏನೂ ಕೊಳ್ಳದೆ ಹೋದರು.

ಮರುದಿನ ದ್ರೀಕ್ ಡಾಕ್ಟರ್ ಹೋಫ್‌ಸ್ಟೇಯವರ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತು ಎಲ್ಲವನ್ನೂ ಹೇಳಿದ. ಆಕೆ ಗದರಿಸಲಿಲ್ಲ. "ಮೊದಲೇ ಹೇಳಿದ್ದರೆ ಇನ್ನೂ ಒಳ್ಳೆಯದಿತ್ತು," ಎಂದಷ್ಟೇ ಅಂದು ಆರೋಗ್ಯ ಇಲಾಖೆಗೆ ಫೋನು ಮಾಡಿದರು. ಗದರಿಸಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ತನಿಖೆಯವರು ಬಂದರು, ಅಂಗಡಿ ಮುಚ್ಚಿಸಿದರು, ಮತ್ತೆ ತೆರೆಸಿದರು. ದ್ರೀಕ್ ತಾನೇ ಕಿಟಕಿಗೆ ದಪ್ಪಕ್ಷರದಲ್ಲಿ ಬರೆದು ಹಾಕಿದ: ಕೊಚ್ಚಿದ ಮಾಂಸ ಬೇಯಿಸದೆ ತಿನ್ನಬೇಡಿ.

ಗಿರಾಕಿಗಳು ಅರ್ಧಕ್ಕರ್ಧ ಕರಗಿದರು. ಸಂಜೆ ಪಡಖಾನೆಗೆ ಹೋದರೆ ಹಳೆಯ ಗೆಳೆಯರು ಬಿಯರಿನ ಲೋಟ ಎತ್ತಿ, "ಏನಯ್ಯ ದ್ರೀಕ್, ಇವತ್ತು ಯಾರ ಹೊಟ್ಟೆ ಕೊಯ್ಸಿದೆ?" ಎನ್ನುವರು. ಅವನೂ ನಗುವನು. ನಕ್ಕು ಮನೆಗೆ ಬಂದು ಊಟ ಮಾಡದೆ ಮಲಗುವನು. ಸ್ವಲ್ಪ ದಿನಗಳಲ್ಲಿ ಅಲ್ಲಿಗೆ ಹೋಗುವುದನ್ನೇ ಬಿಟ್ಟ. ಪಾದ್ರಿಯ ಮುಂದೆ ಪಾಪ ಹೇಳಿಕೊಂಡ. ಪಾದ್ರಿ ಕ್ಷಮಿಸಿದ. ಆದರೆ ಪಾದ್ರಿಯ ಹೊಟ್ಟೆಯನ್ನೇನೂ ಯಾರೂ ಕೊಯ್ದಿರಲಿಲ್ಲವಲ್ಲ.

ಹನ್ನೆಕೆ ಮಾಂಸಕ್ಕೆ ಪಟ್ಟಣಕ್ಕೆ ಹೋಗತೊಡಗಿದಳು. ಎದುರಾದರೆ ತಲೆಯಾಡಿಸುವಳು, ಮಾತಿಲ್ಲ. ಫೀಕೆಗೆ ಅಂಗಡಿಗೆ ಹೋಗಕೂಡದೆಂದು ಹೇಳಿದ್ದಳು. ಹುಡುಗಿ ಶಾಲೆಯಿಂದ ಬರುವಾಗ ಕಿಟಕಿಯ ಹೊರಗಿನಿಂದ ಕೈ ಬೀಸುತ್ತಿದ್ದಳು. ದ್ರೀಕ್ ಆ ಹೊತ್ತಿಗೆ ಸರಿಯಾಗಿ ಒಳಕೋಣೆಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದ.

ಬೇಸಗೆಯಲ್ಲಿ ಒಮ್ಮೆ ಅವನು ಸೈಕಲ್ಲಿನಲ್ಲಿ ಕೆರೆಯ ಪಕ್ಕ ಹೋಗುತ್ತಿದ್ದಾಗ ಮಕ್ಕಳು ಈಜುತ್ತಿದ್ದರು. ಎಲ್ಲ ಹುಡುಗಿಯರೂ ತುಂಡುಬಟ್ಟೆಯ ಈಜುಡುಗೆಯಲ್ಲಿದ್ದರು. ಫೀಕೆ ಒಬ್ಬಳು ಮೈತುಂಬ ಉದ್ದನೆಯ ಅಂಗಿ ಹಾಕಿಕೊಂಡೇ ನೀರಿಗಿಳಿದಿದ್ದಳು. ಅಂದು ತನಗೆ ಅಂಗಿ ಎತ್ತಿ ಹೆಮ್ಮೆಯಿಂದ ತೋರಿಸಿದ್ದ ಮಗು. ನಡುವೆ ಯಾರೋ ಏನೋ ಅಂದಿರಬೇಕು. ದ್ರೀಕ್ ಸೈಕಲ್ ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹೋದ.

ಮರುವರ್ಷ ಒಂದು ಭಾನುವಾರ, ಇಗರ್ಜಿಯಲ್ಲಿ ಪೂಜೆ ಮುಗಿಯುವ ಹೊತ್ತಿಗೆ, ಅಂಗಡಿಯ ಹಿಂಬಾಗಿಲನ್ನು ಯಾರೋ ಬಡಿದರು. ತೆರೆದರೆ ಹನ್ನೆಕೆ. ತೋಳಲ್ಲಿ ಚಿಕ್ಕವಳು ಮಾಯ್ಕೆ, ಮೊಣಕಾಲು ಹೊಟ್ಟೆಗೆ ಮಡಿಸಿಕೊಂಡು ನರಳುತ್ತಿದ್ದಳು.

"ಇವಳಿಗೇನಾದ್ರೂ ಕೊಟ್ರಾ?" ಎಂದಳು ಹನ್ನೆಕೆ. ಮಗುವನ್ನು ಹೆಗಲ ಮೇಲಕ್ಕೆ ಸರಿಸಿಕೊಂಡಳು. "ಸತ್ಯ ಹೇಳಿ."

"ಇಲ್ಲ. ದೇವರಾಣೆಗೂ ಇಲ್ಲ. ವರ್ಷದಿಂದ ಯಾವ ಮಗೂಗೂ ಏನೂ ಕೊಟ್ಟಿಲ್ಲ."

ತನ್ನ ಇಲ್ಲ ಎಂಬ ಮಾತಿಗೆ ಬೆಲೆಯಿಲ್ಲವೆಂದು ಅವನಿಗೆ ಗೊತ್ತಿತ್ತು. ಅವಳು ಅವನ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು.

"ಇವರಪ್ಪ ಊರಲ್ಲಿಲ್ಲ. ನಿಮ್ಮ ವ್ಯಾನ್ ತೆಗೀರಿ."

ಆಸ್ಪತ್ರೆಯಲ್ಲಿ ಡಾಕ್ಟರ್ ಹೋಫ್‌ಸ್ಟೇಯವರನ್ನೇ ಮನೆಯಿಂದ ಕರೆಸಿದರು. ಈಗ ಶಸ್ತ್ರವೈದ್ಯರೂ ಸ್ಕ್ಯಾನಿಗೆ ಕಾಯುತ್ತಿದ್ದರು. ತಾಯಿ ಒಳಗೆ ಹೋದಳು. ದ್ರೀಕ್ ಓಣಿಯ ಬೆಂಚಿನ ಮೇಲೆ ಕುಳಿತ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಡಾಕ್ಟರಮ್ಮ ಮಗುವನ್ನು ಮಾತಾಡಿಸುತ್ತ, ಉಸಿರು ಬಿಡು ಪುಟ್ಟಿ, ಇನ್ನೊಂದು ಸಲ ಎನ್ನುವುದು ಕೇಳಿಸುತ್ತಿತ್ತು. ಆಮೇಲೆ ಮಾತು ನಿಂತಿತು. ದ್ರೀಕ್ ಮೊಣಕಾಲಿನ ಮೇಲಿದ್ದ ತನ್ನ ಎರಡು ಕೈಗಳನ್ನು ನೋಡುತ್ತ ಕುಳಿತಿದ್ದ.

"ಇದು ಚಪ್ಪಟೆಯಾಗ್ತಾ ಇಲ್ಲ," ಎಂದಿತು ಆಕೆಯ ದನಿ. "ನೋಡಿಮ್ಮ, ಬೆರಳಷ್ಟು ದಪ್ಪ ಆಗಿದೆ. ಒಳಗೆ ಒಂದು ಕಲ್ಲಿನ ಥರ ಸಿಕ್ಕಿಕೊಂಡಿದೆ. ಕರುಳೆಲ್ಲ ಚೆನ್ನಾಗಿದೆ, ಸೋಂಕೇನಿಲ್ಲ. ಇದು ನಿಜವಾದ ಅಪೆಂಡಿಕ್ಸ್. ಒಡೆಯೋ ಮೊದಲು ತೆಗೆದುಬಿಡೋಣ, ಈಗಲೇ."

ಅದನ್ನು ಕೇಳಿದ ಕೂಡಲೇ ದ್ರೀಕ್‌ನ ಎದೆಯೊಳಗಿನಿಂದ ಒಂದು ದೊಡ್ಡ ನಿಟ್ಟುಸಿರು ಹೊರಬಂತು. ನನ್ನದಲ್ಲ. ಈ ಸಲ ನನ್ನದಲ್ಲ. ಅವನ ಮುಖ ತಾನಾಗಿ ಅರಳಿತು, ಮೈ ಹಗುರವಾಗಿ ಬೆನ್ನು ಗೋಡೆಗೆ ಒರಗಿತು.

ಅದೇ ಗಳಿಗೆಯಲ್ಲಿ ಬಾಗಿಲು ತೆರೆದು, ಗಾಲಿಮಂಚದ ಮೇಲೆ ಮಾಯ್ಕೆಯನ್ನು ತಳ್ಳಿಕೊಂಡು ಬಂದರು. ಮಗು ಹೆದರಿ ಬಿಳಿಚಿಕೊಂಡಿತ್ತು. ಪಕ್ಕದಲ್ಲಿ ಹನ್ನೆಕೆ, ಮಗಳ ಕೈ ಹಿಡಿದುಕೊಂಡು. ಅವಳ ಕಣ್ಣು ನೇರವಾಗಿ ದ್ರೀಕ್‌ನ ಅರಳಿದ ಮುಖದ ಮೇಲೆ ಬಿತ್ತು.

ಆರೇಳು ವರ್ಷದ ಕೂಸು ಕತ್ತರಿಯ ಬಾಯಿಗೆ ಹೋಗುತ್ತಿರುವಾಗ ತಾನು ಸಂತೋಷಪಟ್ಟೆನಲ್ಲ! ದ್ರೀಕ್ ತಟ್ಟನೆ ಎದ್ದು ನಿಂತ. ಕಿವಿಯವರೆಗೂ ಬಿಸಿಯೇರಿತು. ಸುಳ್ಳು ಹೇಳಿದಾಗಲೂ, ಅಂಗಡಿಯಲ್ಲಿ ಒಪ್ಪಿಕೊಂಡಾಗಲೂ ಅವನು ಇಷ್ಟು ಕುಗ್ಗಿರಲಿಲ್ಲ.

ಗಾಲಿಮಂಚ ಶಸ್ತ್ರಕೋಣೆಯ ಒಳಗೆ ಹೋಯಿತು. ತಾಯಿಯನ್ನು ಹೊರಗೇ ನಿಲ್ಲಿಸಿದರು. ಹನ್ನೆಕೆ ಹಿಂದಿರುಗಿ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು.

"ನಿಮ್ಮ ಮುಖ ನೋಡಿದೆ," ಎಂದಳು ಕೊನೆಗೆ.

"ಹನ್ನೆಕೆ, ನಾನು—"

"ಬೇಡ, ಏನೂ ಹೇಳ್ಬೇಡಿ." ಅವಳು ಕರವಸ್ತ್ರದಿಂದ ಮೂಗು ಒರೆಸಿಕೊಂಡಳು. "ನಾನೂ ಒಳಗೆ ಅದನ್ನೇ ಅಂದ್ಕೊಂಡೆ. ಸದ್ಯ, ಅಡುಗೆಯಿಂದ ಬಂದಿದ್ದಲ್ಲ ಅಂತ. ಮಗು ಅಲ್ಲಿ ನರಳ್ತಾ ಇದೆ, ನಂಗೆ ಅದೇ ಮೊದಲು ತಲೆಗೆ ಬಂತು ನೋಡಿ."

ದ್ರೀಕ್ ತಲೆ ಎತ್ತಲಿಲ್ಲ. ಅವಳು ಕ್ಷಮಿಸಿದೆ ಎನ್ನಲಿಲ್ಲ, ಅವನು ಕೇಳಲೂ ಇಲ್ಲ. ಶಸ್ತ್ರವೈದ್ಯರು ಹೊರಗೆ ಬಂದು, ಎಲ್ಲ ಸಲೀಸಾಗಿ ಆಯಿತು, ಇನ್ನು ಸ್ವಲ್ಪ ತಡವಾಗಿದ್ದರೆ ಒಡೆಯುತ್ತಿತ್ತು ಎಂದಾಗ ಹನ್ನೆಕೆ ಎದ್ದು ಓಡಿದಳು. ದ್ರೀಕ್ ಹೊರಗೆ ವ್ಯಾನಿನಲ್ಲಿ ಹೋಗಿ ಕುಳಿತ. ಸಂಜೆ ಅವಳನ್ನು ಮನೆಗೆ ಕರೆದುಕೊಂಡು ಹೋಗಿ, ಅವಳು ದೊಡ್ಡವಳನ್ನು ನೋಡಿ ಬಂದ ಮೇಲೆ ಮತ್ತೆ ಆಸ್ಪತ್ರೆಗೆ ಬಿಡಬೇಕಾಗುತ್ತದೆ, ಅವಳಿಗೆ ಬೇರೆ ವಾಹನವಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳು ಕರೆಯುವವರೆಗೆ ಅಲ್ಲೇ ಕಾದ.